ಚಾರ್ಮಾಡಿ ರಸ್ತೆಯ ಮೀನೂಟ

ಮಲೇರಿಯಾದ ಔಷಧಿ ಹೊಡೆಯುವ ಕೆಲಸಕ್ಕೆ ನಾನು ಸೇರಿದ್ದು ಐವತ್ತರ ದಶಕ ಮುಗಿಯುತ್ತ ಬಂದ ಹೊತ್ತಿನಲ್ಲಿ. ಎಂಟನೆಯ ತರಗತಿ ಮುಗಿಸಿ ಶಿರ್ತಾಡಿಯ ಮನೆಯಲ್ಲಿ ಮಾವನ ಕೈಕೆಳಗೆ ಗದ್ದೆ ಕೆಲಸ ಮಾಡಿಕೊಂಡಿದ್ದೆ. ನಮ್ಮಲ್ಲಿ ಮನೆಯ ಯಜಮಾನಿಕೆ ತಾಯಿಯ ಅಣ್ಣನದು, ಅವರ ಮಾತಿಗೆ ಎದುರಾಡುವವರಿಲ್ಲ. ಸರಕಾರದ ಕೆಲಸ ಎಂದು ಕೇಳಿದ ಮೇಲೆ ಅವರೇ ನನ್ನನ್ನು ಕಳಿಸಿದರು.

ಕೆಲಸಕ್ಕೆ ಇಬ್ಬರು ಬೇಕು. ಡಿಡಿಟಿ ಪುಡಿಯನ್ನು ಬಾಲ್ದಿಯ ನೀರಿನಲ್ಲಿ ಕದಡಿ ಒಬ್ಬ ಪಂಪು ಒತ್ತುತ್ತಾನೆ, ಇನ್ನೊಬ್ಬ ಉದ್ದ ರಬ್ಬರು ಕೊಳವೆಯ ತುದಿ ಹಿಡಿದು ಮನೆಯ ಒಳಗೆ ಗೋಡೆ, ಜಂತಿ, ದನದ ಹಟ್ಟಿ ಎಲ್ಲದಕ್ಕೂ ಹೊಡೆಯುತ್ತಾನೆ. ನನಗೆ ಜೊತೆಗಾರನಾಗಿ ಸಿಕ್ಕಿದವನು ನಾರಾವಿ ಕಡೆಯವನು. ನನಗಿಂತ ಏಳೆಂಟು ವರ್ಷ ದೊಡ್ಡವನು, ಮದುವೆಯಾದವನು. ಎತ್ತರದ ಆಳು, ತಲೆಗೆ ಎಣ್ಣೆ ಹಾಕಿ ಬೈತಲೆ ತೆಗೆದು ಬಾಚಿದ ಮೇಲೆಯೇ ಪಂಪು ಮುಟ್ಟುವವನು. ಎಷ್ಟು ಹಸಿವಾದರೂ ಕೆಟ್ಟ ಮೀನು ತಿನ್ನುತ್ತಿರಲಿಲ್ಲ. ಎಲೆಯಲ್ಲಿ ಬಿದ್ದ ಬಂಗುಡೆಯ ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಬರಿಯ ಅನ್ನಕ್ಕೆ ಉಪ್ಪು ಹಾಕಿಕೊಂಡು ತಿಂದು ಏಳುತ್ತಿದ್ದ.

ಮೊದಲ ವಾರ ನಾವು ಬೆಳ್ತಂಗಡಿಯ ಹತ್ತಿರದ ಮನೆಗಳಲ್ಲಿ ಔಷಧಿ ಹೊಡೆದೆವು. ಮಧ್ಯಾಹ್ನ ಪೇಟೆಯ ಒಂದು ಮೀನೂಟದ ಹೋಟೆಲಿಗೆ ಹೋದೆವು. ನಾನು ಒಳಗೆ ಹೋಗಿ ಮಣೆಯಲ್ಲಿ ಕೂತೆ. ಪಕ್ಕಕ್ಕೆ ನೋಡಿದರೆ ಅವನಿಲ್ಲ. ಕೈ ತೊಳೆಯಲು ಹೋಗಿರಬಹುದು ಅಂದುಕೊಂಡೆ. ಉಂಡು ಹಿಂದಿನ ಬಾಗಿಲಿನಿಂದ ಹೊರಗೆ ಬಂದಾಗ ಜೀಗುಜ್ಜೆ ಮರದ ಬುಡದಲ್ಲಿ ಅವನು ಕುಕ್ಕರುಗಾಲಿನಲ್ಲಿ ಕೂತಿದ್ದ. ಮುಂದೆ ಅಡಿಕೆ ಹಾಳೆಯ ತುಂಡಿನಲ್ಲಿ ಅನ್ನ. ಹೋಟೆಲಿನವನು ಸೌಟನ್ನು ಎತ್ತರಕ್ಕೆ ಹಿಡಿದು, ಹಾಳೆಗೆ ತಾಗದ ಹಾಗೆ ಸಾರು ಹೊಯ್ದ. ಆಮೇಲೆ ಚಹಾ ಕೊಟ್ಟದ್ದು ತೆಂಗಿನ ಗೆರಟೆಯಲ್ಲಿ. ಅದನ್ನು ಅವನು ಕುಡಿದು ಅಲ್ಲೇ ಗದ್ದೆಯ ಕಡೆಗೆ ಎಸೆದ.

ನಮ್ಮ ಮನೆಯ ಅಂಗಳದಲ್ಲಿಯೂ ಇದೇ ಕ್ರಮ ಇತ್ತು. ಹುಟ್ಟಿದಾಗಿನಿಂದ ನೋಡಿದ್ದೆ, ಆದರೆ ಬೆಳಗ್ಗಿನಿಂದ ಒಂದೇ ಪಂಪಿಗೆ ಕೈ ಹಚ್ಚಿ, ಒಂದೇ ಬಾಲ್ದಿ ಹೊತ್ತು, ಒಂದೇ ಬಿಸಿಲಲ್ಲಿ ನಡೆದು ಬಂದವನನ್ನು ಹಾಗೆ ನೋಡಿರಲಿಲ್ಲ. ಮಾರನೆಯ ದಿನ ನನ್ನ ಎಲೆ ಎತ್ತಿಕೊಂಡು ಹೊರಗೆ ಹೋಗಿ ಅವನ ಪಕ್ಕದಲ್ಲಿ ಕೂತೆ. ಅವನಿಗೆ ಅದು ಹಿಡಿಸಲಿಲ್ಲ.

"ನೀನು ಇಲ್ಲಿ ಬಂದು ಕೂತರೆ ನಾನು ಒಳಗೆ ಹೋದ ಹಾಗೆ ಆಯ್ತಾ?" ಎಂದು ಕೇಳಿದ. "ಎದ್ದು ಹೋಗು ಮಾರಾಯ. ಒಳಗೆ ಎಂತ ಮೀನು ಬಡಿಸ್ತಾರೆ ಅಂತ ನೋಡಿಕೊಂಡು ಬಾ."

ಒಳಗೆ ನಡು ತುಂಡು, ಹೊರಗೆ ಬಾಲ ಮತ್ತು ಸಾರು. ಅದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಾಗಲಿ ಎಂದಿದ್ದ. ಹೋಟೆಲಿನಲ್ಲಿ ಹೀಗೆ ಬೇರೆ ಕೂರಿಸಬಾರದೆಂದು ಕಾನೂನು ಬಂದಿತ್ತು. ಅದರ ಬಗ್ಗೆ ನಾನು ಹೇಳಿದಾಗ ಅವನು ನಗಲೂ ಇಲ್ಲ, ಪಂಪನ್ನು ಹೆಗಲಿಗೆ ಹಾಕಿಕೊಂಡು ನಡೆದ.

ಅಲ್ಲಿಂದ ಶುರುವಾಯಿತು ನಮ್ಮ ಹುಡುಕಾಟ. ಒಳ್ಳೆಯ ಮೀನೂಟ ಎಲ್ಲಿ ಸಿಗುತ್ತದೆ ಎಂದು ಹುಡುಕುವವರು ಬೇಕಷ್ಟು ಮಂದಿ ಇದ್ದರು. ನಾವು ಹುಡುಕಿದ್ದು ಇಬ್ಬರೂ ಒಟ್ಟಿಗೆ ಕೂತು ತಿನ್ನಬಹುದಾದ ಜಾಗವನ್ನು. ಪ್ರತಿ ಊರಿನಲ್ಲಿಯೂ ಔಷಧಿ ಹೊಡೆಯುವಾಗ ನಾನು ಮೆಲ್ಲಗೆ ವಿಚಾರಿಸುತ್ತಿದ್ದೆ. ಮೂಡುಬಿದಿರೆಯ ಸಂತೆಯ ಹತ್ತಿರ ಕೊಂಕಣಿ ಮಾತಾಡುವ ಒಬ್ಬ ಕ್ರಿಸ್ತಿಯನ್ ಹೆಂಗಸು ತಗಡಿನ ಮಾಡಿನ ಕೆಳಗೆ ಗಂಜಿ ಮಾರುತ್ತಿದ್ದಳು. ಎಲ್ಲರೂ ಅವಳನ್ನು ಬಾಯಮ್ಮ ಎನ್ನುತ್ತಿದ್ದರು. ಕುಚ್ಚಲಕ್ಕಿಯ ಗಂಜಿ, ಜೊತೆಗೆ ಒಣ ಸಿಗಡಿಯನ್ನು ಕೆಂಡದಲ್ಲಿ ಸುಟ್ಟು ತೆಂಗಿನಕಾಯಿ, ಹುಳಿ, ಮೆಣಸು ಸೇರಿಸಿ ಅರೆದ ಚಟ್ನಿ. ಅವಳು ಯಾರನ್ನೂ ಹೊರಗೆ ಕೂರಿಸುತ್ತಿರಲಿಲ್ಲ, ಯಾಕೆಂದರೆ ಅವಳ ಅಂಗಡಿಗೆ ಒಳಗೆ ಎಂಬುದೇ ಇರಲಿಲ್ಲ. ನಾಲ್ಕು ಕಂಬ, ಮೇಲೆ ತಗಡು, ಅಷ್ಟೇ. ಆದರೂ ಮೇಲಿನ ಜಾತಿಯವರು ಬಂದಾಗ ನನ್ನ ಗೆಳೆಯ ತಟ್ಟೆ ಎತ್ತಿಕೊಂಡು ಕಂಬದ ಆಚೆಗೆ ಸರಿಯುತ್ತಿದ್ದ. ಯಾರೂ ಹೇಳದೆಯೇ ಸರಿಯುತ್ತಿದ್ದ. ಅದನ್ನು ಕಂಡಾಗ ನನಗೆ ಅವನ ಮೇಲೆಯೇ ಸಿಟ್ಟು ಬರುತ್ತಿತ್ತು.

ಬಂಟ್ವಾಳದಲ್ಲಿ ನಮಗೆ ಸರಿಯಾದ ಜಾಗ ಸಿಕ್ಕಿತು. ನೇತ್ರಾವತಿಯ ದಡದಲ್ಲಿ, ದೋಣಿಗಳಿಂದ ಮೂಟೆ ಇಳಿಸುವ ಕಡೆ, ಒಬ್ಬ ಮುದುಕ ಬ್ಯಾರಿ ಸಾಬರ ಗುಡಿಸಲು. ಅವರನ್ನು ಎಲ್ಲರೂ ಕಾಕ ಎಂದು ಕರೆಯುತ್ತಿದ್ದರು. ಮೂಟೆ ಹೊರುವವರು, ದೋಣಿಯವರು, ಮರದ ದಿಮ್ಮಿ ಎಳೆಯುವವರು ಎಲ್ಲರಿಗೂ ಒಂದೇ ಉದ್ದನೆಯ ಬೆಂಚು. ಮಂಗಳೂರಿನಿಂದ ಬೆಳಗ್ಗೆ ಬಂದ ಬೂತಾಯಿ ಮೀನನ್ನು ಕಾಕ ಮಣ್ಣಿನ ಚಟ್ಟಿಯಲ್ಲಿ ಪುಳಿಮುಂಚಿ ಮಾಡುತ್ತಿದ್ದರು. ತೆಂಗಿನಕಾಯಿ ಇಲ್ಲ, ಬರಿಯ ಹುಣಸೆಹುಳಿ, ಸುಟ್ಟ ಮೆಣಸು, ಶುಂಠಿ. ನಾವು ಮೊದಲ ಸಲ ಹೋದಾಗ ಗೆಳೆಯ ಬಾಗಿಲಲ್ಲೇ ನಿಂತ. ಕಾಕ ಒಲೆಯ ಮುಂದಿನಿಂದ ತಲೆ ಎತ್ತಿ ನೋಡಿದರು.

"ಯಾಕೆ ನಿಂತದ್ದು? ಕೂತುಕೊಳ್ಳಿ, ಅನ್ನ ಬಿಸಿ ಉಂಟು."

ಅವನು ಕೂತ. ಬೆಂಚಿನ ತುದಿಯಲ್ಲಿ, ಅರ್ಧ ಕೂತ ಹಾಗೆ. ಎರಡನೆಯ ಸಲ ಅನ್ನ ಹಾಕಿಸಿಕೊಳ್ಳುವ ಹೊತ್ತಿಗೆ ಪೂರ್ತಿ ಕೂತಿದ್ದ. ಆ ದಿನ ಅವನು ಬೂತಾಯಿಯ ತಲೆಯನ್ನೂ ಬಿಡಲಿಲ್ಲ, ಮುಳ್ಳನ್ನು ಮಾತ್ರ ಎಲೆಯ ಅಂಚಿನಲ್ಲಿ ಸಾಲಾಗಿ ಇಟ್ಟ. ಬಂಟ್ವಾಳದ ಸುತ್ತ ಕೆಲಸ ಇದ್ದಷ್ಟು ದಿನವೂ ನಾವು ಬೇರೆಲ್ಲಿಗೂ ಹೋಗಲಿಲ್ಲ. ಕೆಲಸ ಪಾಣೆಮಂಗಳೂರಿನಿಂದ ಆಚೆಗಿದ್ದರೂ ಮಧ್ಯಾಹ್ನದ ಬಿಸಿಲಲ್ಲಿ ಅಲ್ಲಿಗೇ ನಡೆದು ಬರುತ್ತಿದ್ದೆವು.

ಒಂದು ವರ್ಷ ನಮ್ಮನ್ನು ಶಿರ್ತಾಡಿಗೆ ಹಾಕಿದರು. ನಮ್ಮ ಮನೆಗೂ ಔಷಧಿ ಹೊಡೆಯಬೇಕಿತ್ತು. ಸಾಮಾನ್ಯವಾಗಿ ಕೊಳವೆ ಹಿಡಿಯುವವನು ಅವನೇ, ಅದರಲ್ಲಿ ಅವನ ಕೈ ಕುದುರಿತ್ತು. ಆದರೆ ನಮ್ಮ ಮಾವ ಜಗಲಿಯಲ್ಲಿ ನಿಂತು, ಒಳಗೆ ನೀನೇ ಹೊಡೆದರೆ ಸಾಕು, ಅವನು ಅಂಗಳದಲ್ಲಿ ಪಂಪು ಒತ್ತಲಿ ಎಂದು ನನಗೆ ಹೇಳಿದರು. ಅವನ ಮುಖವನ್ನು ನೋಡಿಯೇ ಹೇಳಿದರು, ಆದರೆ ಅವನಿಗೆ ಹೇಳಲಿಲ್ಲ. ಅವನು ಅಂಗಳದಲ್ಲಿ, ಬೈಹುಲ್ಲಿನ ರಾಶಿಯ ಪಕ್ಕ ನಿಂತು ಇಡೀ ಮನೆ ಮುಗಿಯುವವರೆಗೆ ಪಂಪು ಒತ್ತಿದ. ಅಮ್ಮ ನನಗೆ ಒಳಗೆ ಊಟ ಹಾಕಿದಳು. ಅವನಿಗೆ ಹೊರಗೆ ಬಂದ ಅನ್ನವನ್ನು ಅವನು ಹೊಟ್ಟೆ ಸರಿ ಇಲ್ಲ ಎಂದು ಮುಟ್ಟಲಿಲ್ಲ. ಸಂಜೆ ಮೂಡುಬಿದಿರೆಗೆ ನಡೆದು ಹೋಗಿ ಬಾಯಮ್ಮನಲ್ಲಿ ಇಬ್ಬರೂ ಗಂಜಿ ಕುಡಿದೆವು. ದಾರಿಯಲ್ಲಿ ಅವನು ಮನೆಯ ವಿಷಯ ಎತ್ತಲಿಲ್ಲ. ತನ್ನ ಹೆಂಡತಿ ಮಾಡುವ ಮೀನಿನ ಗಸಿಯ ಬಗ್ಗೆ ಮಾತಾಡಿದ. ಬೂತಾಯಿಗೆ ಹಾಕುವ ಕಾಯಿಯನ್ನು ಅವಳು ಎಷ್ಟು ನುಣ್ಣಗೆ ಅರೆಯುತ್ತಾಳೆಂದರೆ ಬೆಣ್ಣೆಯ ಹಾಗೆ ಎಂದ. ಒಂದು ದಿನ ನಾನು ಸ್ವಂತ ಅಂಗಡಿ ಹಾಕ್ತೇನೆ, ಆಗ ನೋಡು ಎಂದ.

ಅರವತ್ತರ ದಶಕದ ನಡುವಿನಲ್ಲಿ ಜ್ವರ ಕಡಿಮೆಯಾಯಿತು, ಔಷಧಿ ಹೊಡೆಯುವವರನ್ನೂ ಕಡಿಮೆ ಮಾಡಿದರು. ನಾನು ಬಂಟ್ವಾಳದಿಂದ ಉಜಿರೆಯ ಕಡೆ ಓಡುವ ಒಂದು ಬಸ್ಸಿನಲ್ಲಿ ಕಂಡಕ್ಟರ್ ಆದೆ. ಅವನು ನಿಜವಾಗಿಯೂ ಅಂಗಡಿಯ ಯೋಚನೆಗೆ ಬಿದ್ದ.

ಜಾಗ ನೋಡಿದ್ದು ನಾವಿಬ್ಬರೂ ಸೇರಿ. ಚಾರ್ಮಾಡಿ ಘಾಟಿ ಇಳಿದು ಬರುವ ಲಾರಿಗಳು ಉಜಿರೆ ದಾಟಿ ಬೆಳ್ತಂಗಡಿಯ ಕಡೆ ಬರುವಾಗ ನೆರಳಿಗೆ ನಿಲ್ಲುವ ಒಂದು ತಿರುವು ಇತ್ತು. ರಸ್ತೆ ಬದಿಯಲ್ಲಿ ಹಳೆಯ ಧೂಪದ ಮರ, ಅದರ ಕೆಳಗೆ ಯಾರೋ ಬಿಟ್ಟು ಹೋದ ಒಂದು ಸೋಗೆಯ ಅಂಗಡಿ. ಜಾಗದ ಧನಿಗಳ ಮನೆ ಸ್ವಲ್ಪ ಮೇಲೆ. ಊರಿನಲ್ಲಿ ಹೆಸರಿದ್ದ ಮನೆತನ, ಬಾಯ್ತುಂಬ ಮಾತಾಡುವ ಮನುಷ್ಯ. ಎಲ್ಲಿಯವನು ಎಂದು ಕೇಳಿದರು. ನಾರಾವಿ ಕಡೆಯವನು ಎಂದು ಅವನು ಹೇಳಿದ. ಬಿಳಿ ಅಂಗಿ, ಬಾಚಿದ ತಲೆ, ಪಕ್ಕದಲ್ಲಿ ಬಸ್ಸಿನ ಖಾಕಿ ಹಾಕಿಕೊಂಡ ನಾನು. ಅವರು ಅದಕ್ಕಿಂತ ಹೆಚ್ಚು ಕೇಳಲಿಲ್ಲ, ನಾವು ಅದಕ್ಕಿಂತ ಹೆಚ್ಚು ಹೇಳಲಿಲ್ಲ. ನಾವು ಮೋಸ ಮಾಡಿದೆವು ಎಂದು ಮುಂದೆ ಊರೆಲ್ಲ ಮಾತಾಯಿತು. ಅಂಗಡಿ ಹಾಕುವವನು ಜಾತಿಯನ್ನು ತಾನಾಗಿ ಹೇಳಿಕೊಂಡು ತಿರುಗಬೇಕೆಂದು ಯಾವ ನ್ಯಾಯದಲ್ಲಿ ಉಂಟು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅಂಗಡಿ ಶುರುವಾಯಿತು. ಗಂಡ ಬಡಿಸುವುದು, ಹೆಂಡತಿ ಅಡುಗೆ. ಅವಳು ಗಟ್ಟಿಮುಟ್ಟಾದ ಹೆಂಗಸು, ಮಾತು ಹೆಚ್ಚು, ಕೆಲಸ ಇನ್ನೂ ಹೆಚ್ಚು. ಬೆಳಗ್ಗಿನ ಮೊದಲ ಟ್ರಿಪ್ಪಿಗೆ ನಾನು ಬಂಟ್ವಾಳದಿಂದ ಮೀನಿನ ಬುಟ್ಟಿಯನ್ನು ಬಸ್ಸಿನ ಮೇಲೆ ಹಾಕಿಸಿ ತರುತ್ತಿದ್ದೆ. ಆರಿಸಿ ಕೊಡುತ್ತಿದ್ದವರು ಕಾಕ. ಕಣ್ಣು ಕೆಂಪಾದ ಮೀನು ಬುಟ್ಟಿಯಲ್ಲಿ ಬಂದರೆ ಗೆಳೆಯ ಅದನ್ನು ನನ್ನ ಎದುರೇ ನಾಯಿಗೆ ಎಸೆಯುತ್ತಿದ್ದ. ಆ ಕಡೆಯ ಹೋಟೆಲುಗಳಲ್ಲಿ ಆಗೆಲ್ಲ ಮೀನು ಅಂದರೆ ಸಂಜೆಯ ಹೊತ್ತಿಗೆ ಬಂದ ಬಾಡಿದ ಮೀನು, ಇಲ್ಲವೇ ಒಣಮೀನು. ಹಾಗಾಗಿ ಹನ್ನೆರಡು ಗಂಟೆಗೆ ಚಟ್ಟಿಯಿಂದ ಇಳಿಯುವ ತಾಜಾ ಬೂತಾಯಿಯ ಗಸಿಗೆ ಲಾರಿಯವರು ಮುಗಿಬಿದ್ದರು. ಲಾರಿಯವರ ಹಿಂದೆ ಊರವರು ಬಂದರು. ತಾಲೂಕು ಕಚೇರಿಯ ಗುಮಾಸ್ತರು, ಮೇಷ್ಟ್ರುಗಳು, ಕೊನೆಗೆ ಧನಿಗಳ ಮನೆಯಿಂದಲೂ ಕೆಲಸದವನು ಗಸಿ ಒಯ್ಯಲು ತೂಕು ಪಾತ್ರೆ ಹಿಡಿದುಕೊಂಡು ಬಂದ.

ಬೆಳಗ್ಗೆ ಅಲ್ಲಿ ಪುಂಡಿ ಸಿಗುತ್ತಿತ್ತು. ಅಕ್ಕಿ ತರಿಯನ್ನು ಕಾಯಿಯೊಂದಿಗೆ ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು, ಅದಕ್ಕೆ ಹಿಂದಿನ ದಿನದ ಬಂಗುಡೆ ಪುಳಿಮುಂಚಿ. ಒಂದು ದಿನ ಹಳತಾದ ಮೇಲೆಯೇ ಆ ಸಾರಿಗೆ ರುಚಿ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ, ಹಸಿ ಮೀನು ಇಲ್ಲ. ಮಳೆ ಹಿಡಿದ ಮೇಲೆ ಗಿರಾಕಿ ನಿಲ್ಲುತ್ತದೆ ಎಂದು ನಾನು ಹೆದರಿದ್ದೆ. ಅವಳು ಒಣ ಸಿಗಡಿಗೆ ಹಲಸಿನ ಬೀಜ ಹಾಕಿದಳು, ಎಳೆ ಬಿದಿರಿನ ಕಣಿಲೆಯನ್ನು ನೀರಲ್ಲಿಟ್ಟು ಕಹಿ ತೆಗೆದು ಒಣಮೀನಿನ ಜೊತೆ ಬೇಯಿಸಿದಳು, ಗದ್ದೆಯ ಏಡಿ ಹಿಡಿದು ತಂದುಕೊಟ್ಟವರಿಂದ ಕೊಂಡು ಸಾರು ಮಾಡಿದಳು. ಮಳೆಯಲ್ಲಿ ಒದ್ದೆಯಾಗಿ ಘಾಟಿ ಇಳಿದು ಬಂದ ಲಾರಿಯವರು ಆ ಏಡಿ ಸಾರನ್ನು ಅನ್ನ ಇಲ್ಲದೆ ಬರಿದೇ ಕುಡಿಯುತ್ತಿದ್ದರು.

ನನ್ನ ಬಸ್ಸು ಅಲ್ಲಿ ಊಟಕ್ಕೆ ನಿಲ್ಲುತ್ತಿತ್ತು. ನಾನು ಬೆಂಚಿನಲ್ಲಿ ಕೂತರೆ ಗೆಳೆಯ ಬಂದು ಬಡಿಸುತ್ತಿದ್ದ. ಗಿರಾಕಿ ಕಡಿಮೆಯಾದ ಹೊತ್ತಿನಲ್ಲಿ ಎದುರಿನ ಬೆಂಚಿನಲ್ಲಿ ತಾನೂ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದ. ಬೆಂಚಿನ ನಡುವೆ, ಕಾಲು ಅಗಲಿಸಿ. ಅವನು ಆ ದಿನಗಳಲ್ಲಿ ಸ್ವಲ್ಪ ದಪ್ಪಗಾದ. ಹೆಂಡತಿಯನ್ನು ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದರು. ಧನಿಗಳು ಒಂದೆರಡು ಸಲ ತಾವೇ ಬಂದು ಬೆಂಚಿನಲ್ಲಿ ಕೂತು, ಇಂಥ ಗಸಿ ನಮ್ಮ ಮನೆಯ ಹೆಂಗಸರಿಗೆ ಬರುವುದಿಲ್ಲ ಎಂದು ಎಲ್ಲರೆದುರು ಹೇಳಿದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ಎರಡನೆಯ ವರ್ಷದ ಬೇಸಿಗೆಯಲ್ಲಿ ನಮ್ಮ ಮಾವ ಜಾಗದ ತಕರಾರಿನ ಕೆಲಸಕ್ಕೆ ಬೆಳ್ತಂಗಡಿಯ ಕಚೇರಿಗೆ ಬಂದಿದ್ದರು. ಅದು ನನಗೆ ಗೊತ್ತಿರಲಿಲ್ಲ. ಕಚೇರಿಯವರೇ ಯಾರೋ ಅವರನ್ನು ಊಟಕ್ಕೆ ಆ ಅಂಗಡಿಗೆ ಕರೆದುಕೊಂಡು ಬಂದರು. ನನ್ನ ಬಸ್ಸು ಬಂದು ನಿಲ್ಲುವ ಹೊತ್ತಿಗೆ ಮಾವ ಊಟದ ನಡುವಿನಲ್ಲಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು, ಪಕ್ಕದಲ್ಲಿ ಕೂರಿಸಿಕೊಂಡರು. ಅಕ್ಕ ಒಳಗೆ ಮೀನು ಹುರಿಯುತ್ತಿದ್ದಳು. ಬಡಿಸಲು ಆ ದಿನ ಇನ್ನೊಬ್ಬ ಆಳು ಇದ್ದ, ಗೆಳೆಯ ಹಿಂದುಗಡೆ ಕಟ್ಟಿಗೆ ಒಡೆಯುತ್ತಿದ್ದ. ಮಾವ ಮತ್ತೆ ಅನ್ನ ಹಾಕಿಸಿಕೊಂಡರು. ಗಸಿಯನ್ನು ಬೆರಳಿನಿಂದ ಬಳಿದು ತಿಂದರು. ಯಾರ ಕೈ ಅಡುಗೆ ಎಂದು ಕೇಳಿದರು.

ಆಗ ಗೆಳೆಯ ಕಟ್ಟಿಗೆ ಹೊತ್ತುಕೊಂಡು ಒಳಗೆ ಬಂದ. ಮಾವನನ್ನು ಕಂಡು ನಿಂತ. ಕಟ್ಟಿಗೆಯನ್ನು ಇಳಿಸುವುದನ್ನೂ ಮರೆತು ನಿಂತ. ಮಾವ ಅವನನ್ನು ಸ್ವಲ್ಪ ಹೊತ್ತು ನೋಡಿದರು. ನಮ್ಮ ಅಂಗಳದಲ್ಲಿ ಪಂಪು ಒತ್ತಿದವನು ಎಂದು ಅವರಿಗೆ ಹೊಳೆದದ್ದು ನನಗೆ ಅವರ ಮುಖದಲ್ಲೇ ಕಂಡಿತು.

ಅವರು ಎದ್ದರು. ರಸ್ತೆಯ ಆಚೆ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಬಗ್ಗಿ ನಿಂತು, ಗಂಟಲಿಗೆ ಎರಡು ಬೆರಳು ಹಾಕಿ ಉಂಡದ್ದನ್ನೆಲ್ಲ ಕಕ್ಕಿದರು. ಒಂದು ಸಲ ಅಲ್ಲ, ಹೊಟ್ಟೆಯಲ್ಲಿ ಏನೂ ಉಳಿಯದಷ್ಟು. ಬಸ್ಸಿನ ಕಿಟಕಿಯಲ್ಲಿ ಕೂತವರು ಇಣುಕಿದರು. ಮೀನು ಹಳಸಿತ್ತೇನೋ ಎಂದು ಬೆಂಚಿನಲ್ಲಿದ್ದ ಒಬ್ಬರು ತಟ್ಟೆ ದೂರ ತಳ್ಳಿದರು. ನಾನು ನೀರಿನ ಚೊಂಬು ಹಿಡಿದು ಹೋದೆ. ಮಾವ ಚೊಂಬು ಮುಟ್ಟಲಿಲ್ಲ.

"ಇಲ್ಲಿಯ ನೀರಾ ಇದು?" ಎಂದರು. "ನೀನೂ ಇಲ್ಲಿ ತಿನ್ನುವುದಾ?"

"ಹೌದು ಮಾವ. ದಿನಾಲೂ ತಿನ್ತೇನೆ."

"ಗೊತ್ತಿದ್ದು?"

"ಗೊತ್ತಿದ್ದೇ."

ಅವರು ನನ್ನನ್ನು ಹೊಡೆಯಬಹುದು ಎಂದುಕೊಂಡೆ. ಹೊಡೆಯಲಿಲ್ಲ. ತಿರುಗಿ ಅಂಗಡಿಯ ಮುಂದೆ ಬಂದು ನಿಂತು, ಉಣ್ಣುತ್ತಿದ್ದವರಿಗೆಲ್ಲ ಕೇಳುವ ಹಾಗೆ, ಅವನು ಯಾರು, ಅವನ ತಂದೆ ಯಾರ ಮನೆಯ ಹಟ್ಟಿಯಲ್ಲಿ ದುಡಿದವನು ಎಂಬುದನ್ನೆಲ್ಲ ಹೇಳಿದರು. ಸ್ವರ ಏರಿಸಲಿಲ್ಲ, ಕಚೇರಿಯಲ್ಲಿ ಜಾಗದ ಗಡಿ ಹೇಳುವ ಹಾಗೆ ನಿಧಾನವಾಗಿ ಹೇಳಿದರು. ಜನ ಎದ್ದರು. ಅರ್ಧ ಉಂಡವರು, ಆಗ ತಾನೆ ಕೂತವರು, ಎಲ್ಲರೂ. ಲಾರಿಯವರಿಬ್ಬರು ಮಾತ್ರ ಘಟ್ಟದ ಮೇಲಿನವರು, ಅವರಿಗೆ ತುಳು ಅರ್ಥವಾಗಲಿಲ್ಲ, ಉಣ್ಣುತ್ತಲೇ ಇದ್ದರು. ಒಳಗಿನಿಂದ ಅಕ್ಕ ಕಾವಲಿಯ ಮೀನು ಮಗುಚುವ ಸದ್ದು ಕೇಳುತ್ತಲೇ ಇತ್ತು. ಅವಳಿಗೆ ಎಲ್ಲ ಕೇಳಿಸಿತ್ತು ಎಂದು ಆಮೇಲೆ ಹೇಳಿದಳು. ಒಲೆಯ ಮೇಲೆ ಇದ್ದದ್ದನ್ನು ಸೀಯಲು ಬಿಡುವುದು ಹೇಗೆ ಎಂದಳು.

ಮಾರನೆಯ ದಿನ ಬೆಳಗ್ಗೆ ನಾನು ಬುಟ್ಟಿ ತಂದಾಗ ಗೆಳೆಯ ರಸ್ತೆಯ ಬದಿಯಲ್ಲಿ ಕೂತಿದ್ದ. ಅವರು ನೀರು ಸೇದುತ್ತಿದ್ದದ್ದು ಧನಿಗಳ ಬಾವಿಯಿಂದ. ಆ ಬಾವಿಯ ರಾಟೆ ಹಗ್ಗವನ್ನು ತೆಗೆದು ಒಳಗಿಟ್ಟಿದ್ದರು. ಭಟ್ಟರನ್ನು ಕರೆಸಿ ಬಾವಿ ಶುದ್ಧ ಮಾಡಿಸುತ್ತಾರಂತೆ ಎಂದ. ಬಸ್ಸಿನವರು ಕಾಯುತ್ತಿದ್ದರೂ ನಾನು ಮೇಲೆ ಧನಿಗಳ ಮನೆಗೆ ಹೋದೆ. ಅವರು ಜಗಲಿಯಲ್ಲಿ ವೀಳ್ಯ ಹಾಕುತ್ತಿದ್ದರು. ಸಿಟ್ಟು ಇರಲಿಲ್ಲ, ಬೇಸರ ಇದ್ದ ಹಾಗೆ ಕಂಡಿತು.

"ನನಗೆ ಅವನ ಮೇಲೆ ಎಂತ ಹಗೆ? ಒಳ್ಳೆಯವನೇ," ಎಂದರು. "ಆದರೆ ಊರಲ್ಲಿ ಇರಬೇಕಲ್ಲ ನಾನು. ನೀರು ಕೊಡಲಿಕ್ಕೆ ಆಗುವುದಿಲ್ಲ."

ತಾವು ಒಂದು ವರ್ಷಕ್ಕೂ ಮೇಲೆ ಅದೇ ಕೈಯ ಅಡುಗೆ ಉಂಡಿದ್ದೀರಲ್ಲ, ತಮಗೆ ಏನಾಗಿದೆ ಎಂದು ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಲಿಲ್ಲ. ಬಸ್ಸು ಹಾರನ್ ಹಾಕ್ತಾ ಉಂಟು, ಹೋಗು ಎಂದರು.

ಗೆಳೆಯ ಕೆಲವು ದಿನ ಹಳ್ಳದಿಂದ ನೀರು ಹೊತ್ತು ತಂದ. ಬೇಸಿಗೆಯ ಹಳ್ಳ, ಒರತೆ ತೋಡಿ ಚೊಂಬಿನಲ್ಲಿ ತುಂಬಬೇಕು. ಲಾರಿಯವರು ಬಂದೇ ಬರುತ್ತಾರೆ, ಅವರಿಗಷ್ಟೇ ಮಾಡಿದರೆ ಸಾಕು ಎಂದು ಅವನ ಲೆಕ್ಕ. ಲಾರಿಯವರು ಬಂದರು ಕೂಡ. ಆದರೆ ಒಂದು ಬೆಳಗ್ಗೆ ನೋಡುವಾಗ ಒರತೆಯಲ್ಲಿ ಸೆಗಣಿ ಕದಡಿದ್ದರು. ಯಾರು ಎಂದು ಅವನು ಕೇಳಲು ಹೋಗಲಿಲ್ಲ. ಅದೇ ದಿನ ಚಟ್ಟಿಗಳನ್ನು, ಅರೆಯುವ ಕಲ್ಲನ್ನು ಕಟ್ಟಿದರು. ನಾರಾವಿಗೆ ಹೋಗುವ ಗಾಡಿಯಲ್ಲಿ ಅವರನ್ನು ಹತ್ತಿಸಿದ್ದು ನಾನೇ. ಅಕ್ಕ ಅಂಗಡಿಯ ಕಡೆ ತಿರುಗಿ ನೋಡಲಿಲ್ಲ. ಅವನು ನೋಡಿದ. ನಾಳೆಯಿಂದ ಬುಟ್ಟಿ ತರಬೇಡ ಎಂದು ನನಗೆ ಹೇಳಿದ, ನನಗೆ ಅದು ಗೊತ್ತಿಲ್ಲವೇನೋ ಎಂಬ ಹಾಗೆ.

ಶಿರ್ತಾಡಿಯ ಮನೆಯಲ್ಲಿ ನನ್ನ ಊಟದ ತಟ್ಟೆಯನ್ನು ಬೇರೆ ಇಟ್ಟರು. ಅಮ್ಮ ಅಳುತ್ತಲೇ ಬೇರೆ ಇಟ್ಟಳು. ಏನಾದರೂ ಪ್ರಾಯಶ್ಚಿತ್ತ ಮಾಡಿಸಿಕೊ, ಮಾವನಿಗೆ ಸಮಾಧಾನ ಆಗ್ತದೆ ಎಂದಳು. ನಾನು ಒಪ್ಪಲಿಲ್ಲ. ಆ ಮನೆಯಲ್ಲಿ ಮತ್ತೆ ಉಣ್ಣಲಿಲ್ಲ. ಬಂಟ್ವಾಳದಲ್ಲಿ ಬಸ್ಸಿನವರ ಕೋಣೆಯಲ್ಲಿ ಉಳಿದೆ. ಅಮ್ಮ ಮೂಡುಬಿದಿರೆಯ ಸಂತೆಗೆ ಬಂದಾಗ ಅಲ್ಲಿಯೇ ಹೋಗಿ ಅವಳನ್ನು ನೋಡುತ್ತಿದ್ದೆ. ಮಾವ ತೀರಿಹೋದಾಗ ಹೋದೆ, ಕಟ್ಟಿಗೆ ಹೊತ್ತೆ, ಊಟಕ್ಕೆ ಕೂರದೆ ಬಂದೆ. ಅವರ ಮೇಲಿನ ಸಿಟ್ಟು ಅವರು ಸತ್ತ ಮೇಲೂ ಹೋಗಲಿಲ್ಲ. ಹೋಗಬೇಕಿತ್ತು ಎಂದು ಕೆಲವರು ಹೇಳುತ್ತಾರೆ. ಅವರ್ಯಾರೂ ಆ ರಸ್ತೆಯ ಬದಿಯಲ್ಲಿ ಚೊಂಬು ಹಿಡಿದು ನಿಂತವರಲ್ಲ.

ಮಳೆಗಾಲ ಕಳೆದ ಮೇಲೆ ಆ ಅಂಗಡಿಗೆ ಹೊಸ ಸೋಗೆ ಹೊದಿಸಿದರು. ಧನಿಗಳ ದೂರದ ಸಂಬಂಧಿಯೊಬ್ಬ ಅಲ್ಲಿ ಮೀನೂಟ ಶುರು ಮಾಡಿದ. ಜಾಗ ಹೆಸರಾಗಿತ್ತು, ಲಾರಿಯವರಿಗೆ ಅಭ್ಯಾಸವಾಗಿತ್ತು, ಜನ ಬಂದರು. ನನ್ನ ಬಸ್ಸೂ ಅಲ್ಲೇ ನಿಲ್ಲುತ್ತಿತ್ತು, ಯಾಕೆಂದರೆ ಎಲ್ಲಿ ನಿಲ್ಲಿಸಬೇಕು ಎಂದು ಹೇಳುವವನು ಕಂಡಕ್ಟರ್ ಅಲ್ಲ. ಡ್ರೈವರ್ ಉಂಡು ಬರುವವರೆಗೆ ನಾನು ಬಸ್ಸಿನಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದೆ. ಪರವಾಗಿಲ್ಲ, ಮೊದಲಿನಷ್ಟು ಇಲ್ಲ ಎಂದು ಡ್ರೈವರ್ ಬಂದು ಹೇಳುತ್ತಿದ್ದ.

ಮೊದಲಿನಷ್ಟು ಇಲ್ಲ ಎಂದು ಬೇರೆಯವರೂ ಹೇಳಿರಬೇಕು. ಆ ವರ್ಷದ ಕೊನೆಯಲ್ಲಿ ನಾನು ರಜೆಯ ದಿನ ಗೆಳೆಯನನ್ನು ನೋಡಲು ನಾರಾವಿಗೆ ಹೋಗಿದ್ದೆ. ಅಡಿಕೆ ತೋಟದ ಕೂಲಿ ಕೆಲಸ ಮಾಡುತ್ತಿದ್ದ. ನಾನು ಇದ್ದಾಗಲೇ ಧನಿಗಳ ಮನೆಯ ಕೆಲಸದವನು ಬಂದ, ಹಿಂದೆ ತೂಕು ಪಾತ್ರೆ ಹಿಡಿದುಕೊಂಡು ಬರುತ್ತಿದ್ದವನೇ. ಅಂಗಳದ ಆಚೆ ನಿಂತು, ತಲೆ ತಗ್ಗಿಸಿಕೊಂಡೇ ಕೇಳಿದ. ಅಕ್ಕ ಬೂತಾಯಿಯ ಗಸಿಗೆ ಎಂತೆಂತ ಹಾಕುತ್ತಿದ್ದರು ಎಂದು ಕೇಳಿಕೊಂಡು ಬರಲು ಹೇಳಿದ್ದಾರೆ ಎಂದ.

ಗೆಳೆಯ ಕತ್ತಿ ಮಸೆಯುತ್ತಿದ್ದ. ಕತ್ತಿಯನ್ನು ಕೆಳಗೆ ಇಟ್ಟು ಎದ್ದ. ಅವನು ಏನು ಮಾಡುತ್ತಾನೋ ಎಂದು ನಾನೂ ಎದ್ದೆ. ಅಕ್ಕ ಬಾಗಿಲಿಗೆ ಬಂದು ನಿಂತಳು. ಗಂಡನನ್ನು ನೋಡದೆ ಬಂದವನ ಜೊತೆ ಮಾತಾಡಿದಳು. ಕೊತ್ತಂಬರಿ ಎಷ್ಟು ಹುರಿಯಬೇಕು, ಮೆಂತೆ ಎಷ್ಟು ಕಾಳು, ಹುಳಿಯನ್ನು ಯಾವಾಗ ಹಾಕಬೇಕು, ಮೀನು ಹಾಕಿದ ಮೇಲೆ ಸೌಟು ಹಾಕದೆ ಚಟ್ಟಿಯನ್ನೇ ಹಿಡಿದು ತಿರುಗಿಸಬೇಕು, ಎಲ್ಲವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ. ಅವನು ಮರೆಯಬಾರದು ಎಂದು ಅವನ ಬಾಯಿಂದಲೇ ಎರಡು ಸಲ ಹೇಳಿಸಿದಳು.

ಅವನು ಹೋದ ಮೇಲೆ ಗೆಳೆಯ ಕೇಳಿದ. "ಯಾಕೆ ಹೇಳಿದ್ದು?"

"ತಪ್ಪು ಹೇಳಿ ಕಳಿಸಿದರೆ ನನ್ನ ಗಸಿ ಕೆಟ್ಟದ್ದು ಅಂತ ಆಗ್ತದೆ," ಎಂದಳು. "ಅಷ್ಟಾದರೂ ನನ್ನದು ಅಂತ ಇರಲಿ."

ಅವನು ಮತ್ತೆ ಕತ್ತಿ ಮಸೆಯಲು ಕೂತ. ಅವಳು ನನಗೆ ಗಂಜಿ ಬಡಿಸಿದಳು, ಬೇಯಿಸಿದ ಕೆಸುವಿನ ದಂಟು ಇತ್ತು. ಮೀನು ಇರಲಿಲ್ಲ.

ಅದರ ಮುಂದಿನ ವರ್ಷ ಅವರು ಘಟ್ಟದ ಮೇಲೆ ಕಾಫಿ ತೋಟದ ಕೂಲಿಯವರ ಲೈನಿಗೆ ಹೋದರು. ನಾನು ಅವನನ್ನು ಮತ್ತೆ ಕಂಡದ್ದು ಒಂದೇ ಸಲ, ಅರವತ್ತರ ದಶಕ ಮುಗಿಯುವ ಮೊದಲು, ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ. ಯಾರದೋ ಮದುವೆಗೆ ಇಳಿದು ಬಂದಿದ್ದ. ತಲೆ ಬಾಚಿದ್ದ, ಕೂದಲು ಕಡಿಮೆಯಾಗಿತ್ತು. ಪಕ್ಕದಲ್ಲಿ ಹೊಸದಾಗಿ ಒಂದು ಹೋಟೆಲು ತೆರೆದಿತ್ತು, ಮೇಜು ಕುರ್ಚಿ ಹಾಕಿದ್ದರು. ಊಟ ಮಾಡುವ ಎಂದೆ. ಅವನು ಬೇಡ ಎಂದ, ಆಮೇಲೆ ಬಂದ. ಯಾರೂ ಏನೂ ಕೇಳಲಿಲ್ಲ. ಬಡಿಸುವವನು ಇಬ್ಬರಿಗೂ ಒಂದೇ ಬಗೆಯ ಎಲೆ ಹಾಕಿ, ಒಂದೊಂದು ಬಂಗುಡೆ ಇಟ್ಟು ಹೋದ.

ಗೆಳೆಯ ಮೀನಿನ ಹೊಟ್ಟೆಯನ್ನು ಒತ್ತಿ ನೋಡಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದವನು ಎದ್ದು, ಗೋಡೆಗೆ ಬೆನ್ನಾಗಿ ಕೂತು, ಬೇಗ ಬೇಗ ಉಣ್ಣತೊಡಗಿದ. ಒಳಗೆ ಬಂದ ಪ್ರತಿಯೊಬ್ಬನ ಮುಖವನ್ನೂ ನೋಡುತ್ತಿದ್ದ. ನನಗೆ ಒಂದು ತುತ್ತು ಬಾಯಿಗೆ ಇಡುವಾಗಲೇ ಗೊತ್ತಾಯಿತು, ಮೀನು ಹಳತು, ಎರಡು ದಿನದ್ದು.

"ಬಿಡು, ತಿನ್ನಬೇಡ," ಎಂದೆ.

"ದುಡ್ಡಿನ ಗಲ್ಲೆಯಲ್ಲಿ ಕೂತವ ಉಜಿರೆ ಕಡೆಯವನಾ ನೋಡು," ಎಂದು ಅವನು ತಗ್ಗಿದ ಸ್ವರದಲ್ಲಿ ಹೇಳಿದ.

ಅಲ್ಲ, ಕಾರ್ಕಳದವನು ಎಂದೆ. ಅವನು ನಂಬಿದ ಹಾಗೆ ಕಾಣಲಿಲ್ಲ. ಮೀನನ್ನು ಮುಳ್ಳಿನವರೆಗೆ ತಿಂದು ಮುಗಿಸಿದ, ಕೈ ತೊಳೆದು ನನಗಾಗಿ ಕಾಯದೆ ರಸ್ತೆಗೆ ಇಳಿದ. ನಾನು ಹೊರಗೆ ಬರುವಾಗ ಅವನು ನಾರಾವಿಯ ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದ. ಅಕ್ಕ ಹೇಗಿದ್ದಾಳೆ ಎಂದು ಕಿಟಕಿಯ ಕೆಳಗೆ ನಿಂತು ಕೇಳಿದೆ. ಇದ್ದಾಳೆ, ತೋಟದ ದೊರೆಯ ಬಂಗಲೆಯಲ್ಲಿ ಪಾತ್ರೆ ತೊಳೆಯುತ್ತಾಳೆ ಎಂದ. ಅಡುಗೆ ಮಾಡುವುದಿಲ್ಲವಾ ಎಂದು ಕೇಳಿದೆ.

"ಅಡುಗೆಗೆ ಬೇರೆಯವರು ಇದ್ದಾರೆ," ಎಂದ.

ಬಸ್ಸು ಹೊರಟಿತು.